ಬೆರಳು ಎಣಿಸಿ ಎಣಿಸಿ ಸಾಕಾಯ್ತು, ಕನಸಿನಲ್ಲಿ ಮಾತ್ರ ಎಚ್ಚರವಾಗುತ್ತಿಲ್ಲ. ಅನುಭವ ಇದ್ದವರು ಹೇಳಿ

ಕೇಳಿದವರು:

ಎಲ್ಲರಿಗೂ ನಮಸ್ಕಾರ. ಲೂಸಿಡ್ ಡ್ರೀಮ್, ಅಂದರೆ ಕನಸು ಬೀಳುತ್ತಿರುವಾಗಲೇ ‘ಇದು ಕನಸು’ ಎಂದು ಗೊತ್ತಾಗುವುದು, ಒಂದು ಸಲವಾದರೂ ಆಗಬೇಕು ಅಂತ ಎರಡು ತಿಂಗಳಿಂದ ಒದ್ದಾಡುತ್ತಿದ್ದೇನೆ. ಮೊಬೈಲಿನಲ್ಲಿ ಗಂಟೆಗೊಂದು ಅಲಾರಂ ಇಟ್ಟಿದ್ದೇನೆ. ಅದು ಹೊಡೆದ ಕೂಡಲೇ ರಿಯಾಲಿಟಿ ಚೆಕ್, ಅಂದರೆ ಇದು ಕನಸೋ ಎಚ್ಚರವೋ ಅಂತ ಪರೀಕ್ಷೆ: ಕೈಬೆರಳು ಎಣಿಸುವುದು, ಮೂಗು ಹಿಡಿದು ಉಸಿರೆಳೆದು ನೋಡುವುದು. ಆಫೀಸಿನಲ್ಲಿ ಪಕ್ಕದವರು ‘ಏನ್ ಲೆಕ್ಕ ಹಾಕ್ತಿದೀಯ’ ಅಂತ ಕೇಳಿಯೂ ಆಯ್ತು. ಹೋದ ವಾರ ಕನಸಿನಲ್ಲೇ ಬೆರಳು ಎಣಿಸಿದೆ. ಏಳಿದ್ದವು! ‘ಓ, ಚಳಿಗೆ ಹೀಗಾಗಿದೆ’ ಅಂದುಕೊಂಡು ಮುಂದೆ ಹೋದೆ. ಬೆಳಿಗ್ಗೆ ಎದ್ದು ತಲೆ ಚಚ್ಚಿಕೊಂಡೆ. ಎಲ್ಲಿ ತಪ್ಪುತ್ತಿದೆ? ದಿನಕ್ಕೆ ಎಷ್ಟು ಸಲ ಮಾಡಬೇಕು? ಇದರಿಂದ ನಿದ್ದೆ ಹಾಳಾಗುತ್ತದಾ?

ಬಸ್‌ಸ್ಟ್ಯಾಂಡ್ ಕನಸುಗಾರ:

‘ಚಳಿಗೆ ಹೀಗಾಗಿದೆ’ ಓದಿ ನಕ್ಕೂ ನಕ್ಕೂ ಸಾಕಾಯ್ತು. ಬೇಜಾರು ಮಾಡ್ಕೋಬೇಡಿ, ನಾನೂ ಅಲ್ಲಿಂದಲೇ ಶುರು ಮಾಡಿದವನು. ನನಗೆ ಕನಸಿನಲ್ಲಿ ಕನ್ನಡಿ ನೋಡಿದಾಗ ಮುಖವೇ ಇರಲಿಲ್ಲ. ಕನ್ನಡಿ ಕೊಳೆಯಾಗಿದೆ ಅಂತ ಒರೆಸುತ್ತಾ ನಿಂತಿದ್ದೆ.

ನಿಮ್ಮ ಏಳು ಬೆರಳಿನಲ್ಲೇ ಉತ್ತರ ಇದೆ. ನೀವು ಎಣಿಸಿದಿರಿ, ಆದರೆ ಅನುಮಾನ ಪಡಲಿಲ್ಲ. ಹಗಲು ಅಲಾರಂ ಹೊಡೆದಾಗಲೂ ಇದೇ ಆಗುತ್ತಿರುತ್ತದೆ. ‘ಐದು, ಸರಿ, ಮುಂದಿನ ಕೆಲಸ’. ಎಚ್ಚರವಾಗಿದ್ದೇನೆ ಅಂತ ಮೊದಲೇ ತೀರ್ಮಾನ ಮಾಡಿಕೊಂಡು ಎಣಿಸುತ್ತೀರಿ. ಹಗಲಿನಲ್ಲಿ ಹೇಗೋ ರಾತ್ರಿಯೂ ಹಾಗೆ. ಕನಸಿಗೆ ಅಷ್ಟೇ ಬರೋದು, ನೀವು ಅಭ್ಯಾಸ ಮಾಡಿಸಿದ್ದನ್ನು ಮಾಡುತ್ತದೆ.

ಇನ್ನೊಂದು, ಕನಸಿನಲ್ಲಿ ಅಲಾರಂ ಹೊಡೆಯುವುದಿಲ್ಲ. ಹಾಗಾಗಿ ಚೆಕ್ಕನ್ನು ಗಡಿಯಾರಕ್ಕೆ ಕಟ್ಟಬೇಡಿ, ನಿಮ್ಮ ಕನಸಿನಲ್ಲಿ ಪದೇ ಪದೇ ಬರುವ ಯಾವುದಾದರೂ ವಸ್ತುವಿಗೆ ಕಟ್ಟಿ. ಪೌಲ್ ತೋಲೈ ಅಂತ ಜರ್ಮನ್ ಮನಶ್ಶಾಸ್ತ್ರಜ್ಞ 1983ರಲ್ಲೇ ಇದನ್ನು ಬರೆದಿದ್ದಾನೆ. ಅವನು ಕೇಳಿದ್ದು ದಿನಕ್ಕೆ ಐದರಿಂದ ಹತ್ತು ಸಲ ಮಾತ್ರ. ಆದರೆ ‘ನಾನು ಈಗ ಕನಸು ಕಾಣುತ್ತಿದ್ದೇನಾ?’ ಎಂಬ ಪ್ರಶ್ನೆ ನಿಜವಾದ ಪ್ರಶ್ನೆಯಾಗಿರಬೇಕು. ಏನಾದರೂ ವಿಚಿತ್ರ ಕಂಡಾಗ, ಸಿಟ್ಟೋ ಹೆದರಿಕೆಯೋ ಬಂದಾಗ, ಆಗಂತೂ ಕೇಳಲೇಬೇಕು.

ನನ್ನದು ಬಸ್ಸು. ದಿನಾ ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಓಡಾಡುತ್ತಿದ್ದ ಕಾಲ, ಕನಸಿನಲ್ಲೂ ವಾರಕ್ಕೆರಡು ಸಲ ಬಸ್ಸು. ಹಾಗಾಗಿ ಬಸ್ಸಿನ ಬೋರ್ಡು ಕಂಡಾಗಲೆಲ್ಲ ಓದುವುದು, ನೆಲ ನೋಡುವುದು, ಮತ್ತೆ ಓದುವುದು. ಕನಸಿನಲ್ಲಿ ಬರಹ ಒಂದೇ ಕಡೆ ನಿಲ್ಲುವುದು ಕಷ್ಟ. ಜೊತೆಗೆ ಒಂದು ಪ್ರಶ್ನೆ: ‘ನಾನು ಇಲ್ಲಿಗೆ ಹೇಗೆ ಬಂದೆ?’ ಬೆಳಿಗ್ಗೆ ಎದ್ದದ್ದು, ತಿಂಡಿ ತಿಂದದ್ದು, ಗೇಟು ಹಾಕಿದ್ದು, ಎಲ್ಲವನ್ನೂ ಹಿಂದಕ್ಕೆ ನೆನಪಿಸಿಕೊಳ್ಳುವುದು. ಅರ್ಧ ನಿಮಿಷ ಸಾಕು. ಬೆರಳಿಗಿಂತ ಇದೇ ವಾಸಿ, ಯಾಕಂದರೆ ಕನಸಿಗೆ ಹಿಂದಿನ ಕಥೆ ಇರುವುದಿಲ್ಲ. ನೇರ ನಡುವೆ ತಂದು ಕೂರಿಸಿರುತ್ತದೆ.

ಐದನೇ ವಾರ ಇರಬೇಕು. ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದೇನೆ. ಬೋರ್ಡು ‘ಆಗುಂಬೆ’. ನೆಲ ನೋಡಿ ತಲೆಯೆತ್ತಿದರೆ ‘ಆಗುಬೆಂ’. ಮತ್ತೊಂದು ಸಲ ನೋಡಿದರೆ ‘ಗುಂಗುಂಬೆ’. ನಾನಿಲ್ಲಿಗೆ ಹೇಗೆ ಬಂದೆ? ತಿಂಡಿ ಏನು ತಿಂದೆ? ಏನೂ ಇಲ್ಲ, ಖಾಲಿ. ಅಯ್ಯೋ ಇದು ಕನಸು ಕಣೋ! ಎದೆ ಡಬಡಬ ಹೊಡೆದುಕೊಂಡಿತು, ಮರುಕ್ಷಣ ಹಾಸಿಗೆ ಮೇಲೆ ಕಣ್ಣು ಬಿಟ್ಟಿದ್ದೆ. ಮೊದಲ ಸಲ ಬಹಳ ಜನಕ್ಕೆ ಹೀಗೇ ಆಗುತ್ತದೆ. ಎರಡನೇ ಸಲ ಕಲಿತೆ. ಗೊತ್ತಾದ ಕೂಡಲೇ ಕುಣಿಯಬಾರದು. ಎರಡೂ ಅಂಗೈ ಉಜ್ಜಬೇಕು, ಇಲ್ಲ ಕೈಗೆ ಸಿಕ್ಕಿದ್ದನ್ನು ಹಿಡಿದುಕೊಳ್ಳಬೇಕು. ನಾನು ಬಸ್ಸು ಹತ್ತಿ ಸೀಟಿನ ಕಂಬಿ ಹಿಡಿದೆ. ತಣ್ಣಗಿತ್ತು. ಯಾರೋ ಜಗಿಯುತ್ತಿದ್ದ ಎಲೆಅಡಿಕೆ ವಾಸನೆ ಕೂಡ ಬಂತು. ಕಂಡಕ್ಟರ್ ಬಂದ. ‘ಇದು ಕನಸು, ಗೊತ್ತಲ್ವಾ?’ ಅಂದೆ. ಆತ ‘ಚಿಲ್ಲರೆ ಕೊಡಿ’ ಅಂದ.

ಹಾಂ, ಮರೆತೆ. ಚಿವುಟಿ ನೋಡುವುದನ್ನು ನಂಬಬೇಡಿ. ಕನಸಿನಲ್ಲಿ ಚಿವುಟಿದರೂ ನನಗೆ ಸರಿಯಾಗಿಯೇ ನೋಯುತ್ತದೆ. ಮೂಗು ಹಿಡಿಯುವುದು ಒಳ್ಳೆಯದು. ಹಾಸಿಗೆಯಲ್ಲಿರುವ ಅಸಲಿ ಮೂಗನ್ನು ಯಾರೂ ಹಿಡಿದಿರುವುದಿಲ್ಲ, ಹಾಗಾಗಿ ಕನಸಿನ ಮೂಗು ಮುಚ್ಚಿದರೂ ಉಸಿರು ಸಲೀಸಾಗಿ ಆಡುತ್ತದೆ.

ಲೆಕ್ಕದ ಮೇಷ್ಟ್ರು:

ಮೇಲಿನವರು ಹೇಳಿದ್ದು ಸರಿ, ಆದರೆ ಅರ್ಧ. ಹಗಲಿನ ಚೆಕ್ ಒಂದರಿಂದಲೇ ಆಗುತ್ತದೆ ಅಂತ ಕೂತರೆ ಬಹಳ ಜನಕ್ಕೆ ಆಗುವುದಿಲ್ಲ. ಆಸ್ಟ್ರೇಲಿಯಾದ ಅಡಿಲೇಡ್ ವಿಶ್ವವಿದ್ಯಾಲಯದ ಡೆನ್‌ಹೋಮ್ ಆಸ್ಪಿ 2017ರಲ್ಲಿ ಇದನ್ನೇ ಪರೀಕ್ಷಿಸಿ ನೋಡಿದ್ದಾರೆ. ಬರೀ ರಿಯಾಲಿಟಿ ಚೆಕ್ ಮಾಡಿದ ಗುಂಪಿಗೆ ಹೇಳಿಕೊಳ್ಳುವಂಥ ಫಲ ಸಿಗಲಿಲ್ಲ. ಅದರ ಜೊತೆಗೆ ಐದು ಗಂಟೆ ನಿದ್ದೆಯಾದ ಮೇಲೆ ಒಮ್ಮೆ ಎದ್ದು, ಸಂಕಲ್ಪ ಮಾಡಿ ಮಲಗಿದವರಿಗೆ ಆ ವಾರದಲ್ಲಿ ಸುಮಾರು 17 ಶೇಕಡಾ ಪ್ರಯತ್ನಗಳು ಫಲಿಸಿದವು. ಸಂಕಲ್ಪ ಮುಗಿಸಿ ಐದು ನಿಮಿಷದೊಳಗೆ ನಿದ್ದೆಗೆ ಜಾರಿದವರಲ್ಲಂತೂ ಇದು 46 ಶೇಕಡಾ. ಅಂದರೆ ಎದ್ದು ಮೊಬೈಲ್ ನೋಡಿದಿರೋ, ಕೆಟ್ಟಿತು.

ಸಂಕಲ್ಪ ಅಂದೆನಲ್ಲ, ಅದು ಸ್ಟ್ಯಾನ್‌ಫರ್ಡ್‌ನಲ್ಲಿ ಸಂಶೋಧನೆ ಮಾಡಿದ ಸ್ಟೀಫನ್ ಲಬರ್ಜ್ ಕೊಟ್ಟ ಉಪಾಯ, ‘ಮೈಲ್ಡ್’ ಅಂತ ಹೆಸರು. ಈಗಷ್ಟೇ ಬಿದ್ದ ಕನಸನ್ನು ನೆನಪಿಸಿಕೊಳ್ಳಿ. ಅದರಲ್ಲಿ ಯಾವುದು ವಿಚಿತ್ರವಾಗಿತ್ತೋ ಅಲ್ಲಿ ನಿಮಗೆ ‘ಇದು ಕನಸು’ ಅಂತ ಹೊಳೆದಂತೆ ಕಲ್ಪಿಸಿಕೊಳ್ಳಿ. ‘ಮುಂದಿನ ಸಲ ಕನಸು ಬಿದ್ದಾಗ, ಇದು ಕನಸು ಅಂತ ನೆನಪು ಮಾಡಿಕೊಳ್ಳುತ್ತೇನೆ’ ಅಂತ ಹೇಳಿಕೊಳ್ಳುತ್ತಾ ಮಲಗಿ. ನಾಳೆ ಬೆಳಿಗ್ಗೆ ಹಾಲು ತರಬೇಕು ಅಂತ ನೆನಪಿಟ್ಟುಕೊಂಡು ಮಲಗುತ್ತೇವಲ್ಲ, ಹಾಗೇ.

ಬೆಳಗಿನ ಜಾವವೇ ಯಾಕೆ ಅಂದರೆ, ನಿದ್ದೆ ಸುಮಾರು 90 ನಿಮಿಷದ ಸುತ್ತುಗಳಲ್ಲಿ ಸಾಗುತ್ತದೆ. ಕನಸು ಜಾಸ್ತಿ ಬೀಳುವ ರೆಮ್ ಹಂತ ಮೊದಲ ಸುತ್ತಿನಲ್ಲಿ ಸ್ವಲ್ಪವೇ ಹೊತ್ತು, ಬೆಳಗಾಗುತ್ತಾ ಉದ್ದವಾಗುತ್ತದೆ. ನನಗೆ ಅಲಾರಮ್ಮೇ ಬೇಡ. ಹಾಲಿನ ಹುಡುಗ ನಾಲ್ಕೂಮುಕ್ಕಾಲಿಗೆ ಪ್ಯಾಕೆಟ್ ಎಸೆಯುವ ಸದ್ದಿಗೆ ಎಚ್ಚರವಾಗುತ್ತದೆ. ನೀರು ಕುಡಿದು ಮತ್ತೆ ಮಲಗುತ್ತೇನೆ. ಶನಿವಾರ, ಭಾನುವಾರ ಮಾತ್ರ. ಉಳಿದ ದಿನ ಶಾಲೆ.

ಇದೆಲ್ಲ ಬರೀ ಭ್ರಮೆ ಅನ್ನುವವರಿಗೆ ಒಂದು ಮಾತು. 1975ರಲ್ಲಿ ಇಂಗ್ಲೆಂಡಿನ ಹಲ್ ವಿಶ್ವವಿದ್ಯಾಲಯದಲ್ಲಿ ಕೀತ್ ಹರ್ನ್ ಎಂಬವರು ಅಲನ್ ವರ್ಸ್ಲಿ ಎಂಬಾತನನ್ನು ಕಣ್ಣಿನ ಚಲನೆಯನ್ನು ಗೆರೆಯಾಗಿ ಬರೆಯುವ ಯಂತ್ರಕ್ಕೆ ಜೋಡಿಸಿ ಮಲಗಿಸಿದ್ದರು. ಕನಸಿನಲ್ಲಿ ಎಚ್ಚರವಾದಾಗ ಆತ ಮೊದಲೇ ಮಾತಾಡಿಕೊಂಡಂತೆ ಕಣ್ಣುಗುಡ್ಡೆಗಳನ್ನು ಎಡಕ್ಕೂ ಬಲಕ್ಕೂ ಆಡಿಸಿದ. ಮೈಯೆಲ್ಲ ಮರಗಟ್ಟಿದ್ದರೂ ಕಣ್ಣು ಆಡುತ್ತದೆ ನೋಡಿ. ಆ ಗೆರೆ ಕಾಗದದ ಮೇಲೆ ಮೂಡಿತು.

ಬಿಟ್ಟುಬಿಟ್ಟವನು:

ಒಂದು ವರ್ಷ ಮಾಡಿದೆ. ಎರಡು ಸಲ ಆಯ್ತು, ಎರಡೂ ಸೇರಿ ಒಂದು ನಿಮಿಷ ಇರಲಿಕ್ಕಿಲ್ಲ. ಒಂದರಲ್ಲಿ ಹಾರಲು ಹೋಗಿ ಎದುರು ಮನೆ ನೀರಿನ ಟ್ಯಾಂಕಿಗೆ ಸಿಕ್ಕಿಹಾಕಿಕೊಂಡೆ. ಬಿಟ್ಟೆ. ಕನಸು ಬರೆಯುವ ಪುಸ್ತಕ ಮಾತ್ರ ಈಗಲೂ ಇದೆ, ಅದು ಓದೋಕೆ ಮಜಾ. ಎಲ್ಲರಿಗೂ ಆಗಲೇಬೇಕು ಅಂತೇನಿಲ್ಲ ಸ್ವಾಮಿ, ಒತ್ತಡ ಮಾಡ್ಕೋಬೇಡಿ.

ನೈಟ್ ಡ್ಯೂಟಿ ಸಿಸ್ಟರ್:

ನಿದ್ದೆ ಹಾಳಾಗುತ್ತದಾ ಅಂತ ಕೇಳಿದ್ದೀರಿ, ಅದಕ್ಕೆ ಯಾರೂ ಉತ್ತರಿಸಲಿಲ್ಲ ನೋಡಿ. ಹಗಲಿನ ಚೆಕ್ಕಿನಿಂದ ನಿದ್ದೆಗೆ ಏನೂ ಆಗುವುದಿಲ್ಲ, ಜನ ವಿಚಿತ್ರವಾಗಿ ನೋಡುತ್ತಾರೆ ಅಷ್ಟೆ. ನಡುರಾತ್ರಿ ಏಳುವುದು ಮಾತ್ರ ದಿನಾ ಬೇಡ. ನಾನು ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮಾಡುತ್ತೇನೆ, ಅರೆಬರೆ ನಿದ್ದೆ ಏನು ಮಾಡುತ್ತದೆ ಅಂತ ಚೆನ್ನಾಗಿ ಗೊತ್ತು. ಪಾಳಿ ಇರುವ ವಾರ ನಾನು ಇದರ ಸುದ್ದಿಗೇ ಹೋಗುವುದಿಲ್ಲ.

ಹೀಗೆ ಎದ್ದು ಮಲಗುವವರಿಗೆ ಒಂದು ವಿಷಯ ಮೊದಲೇ ಗೊತ್ತಿರಲಿ. ಕೆಲವೊಮ್ಮೆ ಕಣ್ಣು ಬಿಟ್ಟಿರುತ್ತದೆ, ಕೈಕಾಲು ಅಲ್ಲಾಡುವುದಿಲ್ಲ, ಎದೆ ಮೇಲೆ ಯಾರೋ ಕೂತ ಹಾಗೆ. ನಮ್ಮಜ್ಜಿ ಇದಕ್ಕೆ ದಿಂಬಿನಡಿ ಕತ್ತಿ ಇಡುತ್ತಿದ್ದರು. ಕನಸು ಕಾಣುವಾಗ ನಾವು ನಿಜವಾಗಿ ಎದ್ದು ಓಡಬಾರದು ಅಂತ ಮಿದುಳು ಮೈಯನ್ನು ಸಡಿಲ ಬಿಟ್ಟಿರುತ್ತದೆ. ಮೈಗಿಂತ ಮೊದಲು ಮನಸ್ಸಿಗೆ ಎಚ್ಚರವಾದರೆ ಹೀಗೆ. ಸ್ವಲ್ಪ ಹೊತ್ತಿಗೆ ತಾನೇ ಬಿಡುತ್ತದೆ. ಮೇಲೇಳಲು ಒದ್ದಾಡಬೇಡಿ, ಉಸಿರಿನ ಮೇಲೆ ಗಮನ ಇಟ್ಟು ಕಾಲಿನ ಕಿರುಬೆರಳು ಅಲ್ಲಾಡಿಸಲು ನೋಡಿ. ನನಗೆ ಅದರಿಂದಲೇ ಬಿಡುವುದು.

ಎದ್ದಿರುವಾಗಲೇ ಯಾವುದು ನಿಜ, ಯಾವುದು ಅಲ್ಲ ಅಂತ ಗೊಂದಲವಾಗುವ ತೊಂದರೆ ಇರುವವರು, ಮಾನಸಿಕ ಕಾಯಿಲೆಗೆ ಔಷಧಿ ತೆಗೆದುಕೊಳ್ಳುತ್ತಿರುವವರು ಡಾಕ್ಟರನ್ನು ಕೇಳದೆ ಇದಕ್ಕೆ ಕೈ ಹಾಕಬೇಡಿ. ‘ಇದು ನಿಜವಾ’ ಅಂತ ದಿನವಿಡೀ ಕೇಳಿಕೊಳ್ಳುವುದು ಎಲ್ಲರಿಗೂ ಆಟವಲ್ಲ. ಲೂಸಿಡ್ ಕನಸಿಗೆ ಮಾತ್ರೆ ಅಂತ ಆನ್‌ಲೈನಿನಲ್ಲಿ ಮಾರುವ ಗ್ಯಾಲಂಟಮೈನ್ ಕೂಡ ಅಲ್ಝೈಮರ್ ರೋಗಿಗಳಿಗೆ ಕೊಡುವ ಔಷಧಿ. ಸುಮ್ನೆ ನುಂಗಬೇಡಿ.

ಶಿರಸಿ ಕಡೆಯವಳು:

ಮೇಷ್ಟ್ರೇ, ಸಿಸ್ಟರ್, ಇಬ್ಬರ ಮಾತೂ ಒಪ್ಪಿದೆ. ನನ್ನದು ಬೆರಳೂ ಅಲ್ಲ, ಮೂಗೂ ಅಲ್ಲ. ದಿಂಬಿನ ಪಕ್ಕ ಒಂದು ನೂರು ಪುಟದ ಪುಸ್ತಕ ಇಟ್ಟು, ಎದ್ದ ಕೂಡಲೇ ಅಲುಗಾಡದೆ ಕನಸು ನೆನಪಿಸಿಕೊಂಡು ಬರೆಯುತ್ತಿದ್ದೆ. ಅಲುಗಾಡಿದರೆ ಅರ್ಧ ಹೋಗಿಬಿಡುತ್ತದೆ. ಒಂದು ತಿಂಗಳಾದ ಮೇಲೆ ತಿರುವಿ ಹಾಕಿದರೆ ಹನ್ನೊಂದು ಕನಸಿನಲ್ಲಿ ಅಪ್ಪ. ಅಪ್ಪ ಹೋಗಿ ಆರು ವರ್ಷ. ಒಂದರಲ್ಲೂ ‘ಅಪ್ಪ ಇಲ್ಲಿ ಹೇಗೆ?’ ಅಂತ ನಾನು ಕೇಳಿಕೊಂಡಿರಲಿಲ್ಲ.

ಆಮೇಲೆ ಹಗಲಿನಲ್ಲಿ ಅಪ್ಪನ ಫೋಟೋ ಕಂಡಾಗ, ಅವರ ಹಾಗೆ ಕೆಮ್ಮುವವರ ದನಿ ಕೇಳಿದಾಗ, ನಿಂತು ಕೇಳಿಕೊಳ್ಳಲು ಶುರು ಮಾಡಿದೆ: ಇದು ಕನಸಾ? ಮೂರು ತಿಂಗಳಾಯ್ತು. ಒಂದು ದಿನ ಜಗಲಿಯಲ್ಲಿ ಅಪ್ಪ ಮೆಟ್ಟುಗತ್ತಿ ಮೇಲೆ ಕೂತು ಅಡಿಕೆ ಸುಲಿಯುತ್ತಿದ್ದಾರೆ. ಎಡಗೈ ಹೆಬ್ಬೆರಳಿಗೆ ಬಟ್ಟೆ ಚೂರು ಸುತ್ತಿದ್ದಾರೆ, ಯಾವಾಗಲೂ ಸುತ್ತುತ್ತಿದ್ದ ಹಾಗೇ. ಗೊತ್ತಾಯ್ತು ನನಗೆ. ಅವರಿಗೆ ಹೇಳಲಿಲ್ಲ. ಪಕ್ಕದಲ್ಲಿ ಕೂತು ಸಿಪ್ಪೆ ಬುಟ್ಟಿಗೆ ತುಂಬುತ್ತಾ ಹೋದೆ. ‘ಈ ಸಲ ರೇಟ್ ಹೆಂಗಿದೆಯಂತೆ?’ ಅಂತ ಕೇಳಿದರು. ಎಷ್ಟು ಅಂತ ಬಾಯಿಗೆ ಬಂದದ್ದು ಹೇಳಿದೆ. ಅಷ್ಟರಲ್ಲಿ ಎಚ್ಚರ.

ಹಾರುವುದು ಗೀರುವುದು ನನಗೆ ಗೊತ್ತಿಲ್ಲ. ನಿಮ್ಮ ಪುಸ್ತಕದಲ್ಲಿ ಯಾರು ಜಾಸ್ತಿ ಬರುತ್ತಾರೆ ನೋಡಿಕೊಳ್ಳಿ ತಮ್ಮಾ.

ಕುಶಾಲನಗರದಿಂದ:

ನಮ್ಮ ಪಕ್ಕದ ಬೈಲಕುಪ್ಪೆಯ ಟಿಬೆಟನ್ನರಲ್ಲಿ ಇದು ತುಂಬಾ ಹಳೆಯ ಸಾಧನೆ. ‘ಮಿಲಮ್’ ಅನ್ನುತ್ತಾರೆ, ಹಳೆಯ ಕಾಲದ ಬೌದ್ಧ ಗುರು ನಾರೋಪನ ಆರು ಯೋಗಗಳಲ್ಲಿ ಒಂದು. ನನ್ನ ಅಂಗಡಿಗೆ ಬರುವ ಒಬ್ಬ ಹಿರಿಯ ಭಿಕ್ಷುವನ್ನು ಕೇಳಿದ್ದೆ. ಹಗಲು ನಮ್ಮ ಹಾಗೆ ‘ಇದು ಕನಸೋ ನನಸೋ’ ಅಂತ ಪರೀಕ್ಷೆ ಮಾಡುವ ಗೊಡವೆ ಅವರಿಗಿಲ್ಲ. ಕಂಡದ್ದನ್ನೆಲ್ಲ ಇದೂ ಕನಸಿನಂಥದ್ದೇ ಅಂತ ನೋಡುತ್ತಾ ಹೋಗುವುದು. ಅಂಗಡಿ ಬಿಲ್ಲು, ಮಳೆ, ಬೈಗುಳ, ಎಲ್ಲವನ್ನೂ. ‘ನೀನು ಕನಸಿನಲ್ಲಿ ಎಚ್ಚರವಾದರೆ ಏನು ಮಾಡ್ತೀಯ?’ ಅಂತ ನನ್ನನ್ನೇ ಕೇಳಿದರು. ಹಾರುತ್ತೇನೆ ಅಂದೆ. ನಕ್ಕು, ಬಿಸ್ಕತ್ತು ತಗೊಂಡು ಹೋದರು. ನಾನು ಅವರಷ್ಟು ದೂರ ಹೋಗಿಲ್ಲ. ಆದರೆ ಸಿಟ್ಟು ಬಂದಾಗ ಹೀಗೆ ಅಂದುಕೊಂಡ ದಿನಗಳಲ್ಲೇ ನನಗೆ ಲೂಸಿಡ್ ಕನಸು ಜಾಸ್ತಿ ಬಿದ್ದಿರುವುದು.

ಕೇಳಿದವರು:

ಮೂರು ವಾರ ಬಿಟ್ಟು ಬರೆಯುತ್ತಿದ್ದೇನೆ. ಅಲಾರಂ ಎಲ್ಲ ತೆಗೆದುಹಾಕಿದೆ. ಕನಸು ಬರೆಯುವ ಪುಸ್ತಕ ಶುರು ಮಾಡಿದೆ. ನೋಡಿದರೆ ನನ್ನ ಕನಸಿನ ತುಂಬಾ ಕಳೆದುಹೋದ ಚಪ್ಪಲಿ! ದೇವಸ್ಥಾನ, ಮದುವೆ ಮನೆ, ಎಲ್ಲಿ ಹೋದರೂ ಹೊರಗೆ ಬಂದಾಗ ಚಪ್ಪಲಿ ಇರುವುದಿಲ್ಲ. ಹಾಗಾಗಿ ಈಗ ಚಪ್ಪಲಿ ಹಾಕುವಾಗ, ಬಿಡುವಾಗ ನಿಂತು ಕೇಳಿಕೊಳ್ಳುತ್ತೇನೆ, ಇಲ್ಲಿಗೆ ಹೇಗೆ ಬಂದೆ ಅಂತ. ದಿನಕ್ಕೆ ಏಳೆಂಟು ಸಲ ಆಗುತ್ತದೆ. ಮೊನ್ನೆ ಭಾನುವಾರ ಬೆಳಗಿನ ಜಾವ ಎದ್ದು, ಮೇಷ್ಟ್ರು ಹೇಳಿದಂತೆ ಸಂಕಲ್ಪ ಮಾಡಿ ಮಲಗಿದೆ. ಕಲ್ಯಾಣ ಮಂಟಪದ ಹೊರಗೆ ಚಪ್ಪಲಿ ರಾಶಿ. ಎಲ್ಲವೂ ಎಡಗಾಲಿನವೇ. ಯಾರ ಮದುವೆ? ಊಟಕ್ಕೆ ಏನಿತ್ತು? ಗೊತ್ತಿಲ್ಲ. ಮೂಗು ಹಿಡಿದೆ, ಉಸಿರು ಸರಾಗ! ‘ಕನಸೂ’ ಅಂತ ಕೂಗಿದೆ. ಎಚ್ಚರವಾಯ್ತು. ಐದು ಸೆಕೆಂಡ್ ಇರಬಹುದು, ಆದರೂ ಆಯ್ತು!

ಬಸ್‌ಸ್ಟ್ಯಾಂಡ್ ಕನಸುಗಾರ:

ಭಲೇ! ಕೈ ಉಜ್ಜಿದ್ರಾ?

ಕೇಳಿದವರು:

ಮರೆತೇ ಹೋಯ್ತು ಅಣ್ಣ.