ಬಸ್ಸಲ್ಲಿ ಮಗಳಿಗೆ ತೊಂದರೆ ಕೊಡುತ್ತಿದ್ದಾನೆ, ಕಾಲೇಜು ಬಿಡಿಸಬೇಕಾ? ವಕೀಲರ ಜೊತೆ ಪ್ರಶ್ನೋತ್ತರ

ಪ್ರಶ್ನೆ (ತೀರ್ಥಹಳ್ಳಿ ತಾಲ್ಲೂಕಿನ ಒಬ್ಬ ತಾಯಿ):
ಮೇಡಂ, ನಮಸ್ಕಾರ. ನಮ್ಮೂರು ಮಂಡಗದ್ದೆಯಿಂದ ಒಳಗೆ. ಮಗಳಿಗೆ 17 ವರ್ಷ, ಸೆಕೆಂಡ್ ಪಿಯುಸಿ. ದಿನಾ ಪ್ರೈವೇಟ್ ಬಸ್ಸಲ್ಲಿ ಶಿವಮೊಗ್ಗಕ್ಕೆ ಹೋಗಿ ಬರುತ್ತಾಳೆ. ಆ ಹೊತ್ತಿಗೆ ಇರುವುದು ಅದೊಂದೇ ಬಸ್. ಒಂದು ತಿಂಗಳಿಂದ ನಲವತ್ತರ ಆಸುಪಾಸಿನ ಒಬ್ಬ ಆಸಾಮಿ ಇವಳ ಹಿಂದೆಯೇ ಬಂದು ನಿಲ್ಲುತ್ತಾನಂತೆ. ತಿರುವಲ್ಲಿ ಬಸ್ ವಾಲಿದಾಗ ಮೈಮೇಲೆ ಬೀಳುತ್ತಾನೆ, ಬಸ್ ನೇರವಾದ ಮೇಲೂ ಸರಿಯುವುದಿಲ್ಲ. ಕೈ ಎಲ್ಲೆಲ್ಲೋ ಬರುತ್ತೆ. ಬೆನ್ನಿಗೆ ಬ್ಯಾಗ್ ಹಾಕುತ್ತಿದ್ದವಳು ಈಗ ಎದೆಗೆ ಅವಚಿಕೊಂಡು ಬಸ್ಸಿಂದ ಇಳಿಯುತ್ತಾಳೆ. ಅದನ್ನು ನೋಡಿಯೇ ನಾನು ಕೂರಿಸಿಕೊಂಡು ಕೇಳಿದ್ದು. ಕಂಡಕ್ಟರಿಗೆ ಹೇಳಿದರೆ "ರಶ್ ಬಸ್ಸಲ್ಲಿ ಇದೆಲ್ಲ ಇದ್ದದ್ದೇ, ಅಡ್ಜಸ್ಟ್ ಮಾಡ್ಕೊಳಮ್ಮ" ಅಂದರಂತೆ. ನಮ್ಮ ಮನೆಯವರು ಅಡಿಕೆ ಕೊನೆಕೊಯ್ಲು ಬೇರೆ ಶುರುವಾಯ್ತು, ಮನೇಲೇ ಇರಲಿ ಬಿಡು ಅನ್ನುತ್ತಿದ್ದಾರೆ. ಪೊಲೀಸ್ ಅಂದರೆ ಊರವರ ಬಾಯಿಗೆ ಬೀಳಬೇಕು. ಏನು ಮಾಡಲಿ?

ಉತ್ತರ (ವಕೀಲರು, ಶಿವಮೊಗ್ಗ):
ಅಕ್ಕಾ, ಕಾಲೇಜು ಬಿಡಿಸಬೇಡಿ. ಬಸ್ಸಿಂದ ಇಳಿಯಬೇಕಾದವನು ಅವನು, ನಿಮ್ಮ ಮಗಳಲ್ಲ. ನಾನೂ ಅದೇ ದಾರಿಯಲ್ಲಿ ಓಡಾಡಿ ಓದಿದವಳು. ತುಂಗೆ ಪಕ್ಕದ ಆ ತಿರುವುಗಳಲ್ಲಿ ಕಂಬಿ ಹಿಡಿಯದೆ ನಿಲ್ಲೋಕೇ ಆಗಲ್ಲ. ಎರಡೂ ಕೈ ಮೇಲೆ ಇರುತ್ತೆ, ತಡೆಯೋಕೆ ಕೈ ಇಲ್ಲ. ಅಂಥವರು ಕಾಯುವುದೇ ಅದಕ್ಕೆ. ಅವಳು ಬಾಯಿಬಿಟ್ಟು ನಿಮಗೆ ಹೇಳಿದಳಲ್ಲ, ಅದು ಸಣ್ಣ ಧೈರ್ಯ ಅಲ್ಲ. "ನಿನ್ನದೇನೂ ತಪ್ಪಿಲ್ಲ" ಅಂತ ಅವರಪ್ಪನ ಬಾಯಿಂದಲೂ ಒಂದು ಸಲ ಹೇಳಿಸಿ.

ಮಗಳಿಗೆ 18 ತುಂಬಿಲ್ಲ. ಹಾಗಾಗಿ ಇದು 2012ರ ಪೋಕ್ಸೋ, ಅಂದರೆ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ ಕಾಯ್ದೆಗೆ ಬರುತ್ತೆ. ಕೆಟ್ಟ ಉದ್ದೇಶದಿಂದ ಮೈಮುಟ್ಟಿದ್ದು ಸಾಬೀತಾದರೆ 3ರಿಂದ 5 ವರ್ಷ ಜೈಲು. ಇನ್ನೊಂದು ವಿಷಯ ಜಾಸ್ತಿ ಜನಕ್ಕೆ ಗೊತ್ತಿಲ್ಲ. ಇಂಥದ್ದು ಗೊತ್ತಾದ ಮೇಲೆ ಪೊಲೀಸರಿಗೆ ತಿಳಿಸುವುದು ಗೊತ್ತಾದ ಪ್ರತಿಯೊಬ್ಬರ ಹೊಣೆ. ನಿಮಗೂ ಅನ್ವಯ, "ಅಡ್ಜಸ್ಟ್ ಮಾಡ್ಕೊ" ಅಂದ ಆ ಕಂಡಕ್ಟರಿಗೂ ಅನ್ವಯ.

ಊರವರ ಬಾಯಿಗೆ ಹೆದರಬೇಡಿ. ಹುಡುಗಿಯ ಹೆಸರು, ಊರು, ಕಾಲೇಜು ಯಾವುದೂ ಹೊರಗೆ ಬರುವಂತಿಲ್ಲ, ಪೇಪರಲ್ಲೂ ಹಾಕುವಂತಿಲ್ಲ. ಅವಳು ಸ್ಟೇಷನ್ ಬೆಂಚಿನ ಮೇಲೆ ಕಾಯಬೇಕಾಗಿಲ್ಲ. ಪೊಲೀಸರೇ ಮನೆಗೆ, ಇಲ್ಲ ಅವಳು ಹೇಳಿದ ಜಾಗಕ್ಕೆ ಬಂದು ಹೇಳಿಕೆ ಬರೆದುಕೊಳ್ಳಬೇಕು. ಆದಷ್ಟು ಮಟ್ಟಿಗೆ ಮಹಿಳಾ ಎಸ್‌ಐ ಬರಬೇಕು, ಯೂನಿಫಾರಂ ಹಾಕಿರಬಾರದು, ನೀವು ಪಕ್ಕದಲ್ಲಿ ಇರಬಹುದು. ಕೋರ್ಟಲ್ಲೂ ಅವನ ಮುಖ ನೋಡಿಕೊಂಡು ಸಾಕ್ಷಿ ಹೇಳುವ ಹಾಗೆ ಮಾಡುವುದಿಲ್ಲ.

ಬಸ್ಸಿನ ಕೇಸಲ್ಲಿ ಒಂದು ಸಬೂಬು ಯಾವಾಗಲೂ ಕೇಳುತ್ತೇವೆ, "ಇದು ನಮ್ಮ ಸ್ಟೇಷನ್ ಲಿಮಿಟ್ ಅಲ್ಲ" ಅಂತ. ಓಡುವ ಬಸ್ಸು ಎರಡು ಮೂರು ಸ್ಟೇಷನ್ ವ್ಯಾಪ್ತಿ ದಾಟುತ್ತೆ, ಅಲ್ವಾ? 2024ರ ಜುಲೈ 1ರಿಂದ ಜಾರಿಯಾದ ಹೊಸ ಕಾನೂನಲ್ಲಿ ಇದು ಸ್ಪಷ್ಟವಾಗಿದೆ. ಯಾವ ಸ್ಟೇಷನ್ನಿಗೆ ಹೋದರೂ ದೂರು ಬರೆದುಕೊಳ್ಳಲೇಬೇಕು, ಆಮೇಲೆ ಬೇಕಾದ ಕಡೆಗೆ ಅವರೇ ಕಳಿಸಬೇಕು. ಎಫ್‌ಐಆರ್ ಪ್ರತಿ ನಿಮಗೆ ಪುಕ್ಕಟೆ.

ಇವತ್ತೇ ಒಂದು ಕೆಲಸ ಮಾಡಿ. ಒಂದು ನೋಟ್‌ಬುಕ್ಕಲ್ಲಿ ಮಗಳ ಹತ್ತಿರ ಬರೆಸಿ: ಯಾವ ದಿನ, ಎಷ್ಟು ಗಂಟೆ, ಬಸ್ ನಂಬರ್, ಅವನು ಎಲ್ಲಿ ಹತ್ತುತ್ತಾನೆ, ಎಲ್ಲಿ ಇಳಿಯುತ್ತಾನೆ, ಪಕ್ಕದಲ್ಲಿ ಯಾರಿದ್ದರು. ಟಿಕೆಟ್ ಕೊಟ್ಟಿದ್ದರೆ ಅದನ್ನೂ ಅಲ್ಲೇ ಅಂಟಿಸಿ. ಕೊಡದಿದ್ದರೆ ನಾಳೆಯಿಂದ ಕೇಳಿ ಇಸ್ಕೊಳ್ಳಲಿ. ಬಸ್ಸಲ್ಲೇ ತೊಂದರೆ ಆದರೆ 112. ಮಕ್ಕಳ ಸಹಾಯವಾಣಿ 1098. ತಾಳಗುಪ್ಪ ಕಡೆ ರೈಲಲ್ಲಿ ಓಡಾಡುವವರು 139 ನೆನಪಿಟ್ಟುಕೊಳ್ಳಿ.

ಇನ್ನು ಆ ಕಂಡಕ್ಟರ್. ಅವರಿಗೆ ಲೈಸೆನ್ಸ್ ಕೊಡುವುದು ಆರ್‌ಟಿಒ. ನಡತೆ ಸರಿಯಿಲ್ಲ ಅಂತ ಕಂಡರೆ ಒಂದು ವರ್ಷದವರೆಗೆ ಆ ಕೆಲಸ ಮಾಡದಂತೆ ತಡೆಯುವ ಅಧಿಕಾರ ಮೋಟಾರು ವಾಹನ ಕಾಯ್ದೆಯಲ್ಲೇ ಇದೆ. ಆರ್‌ಟಿಒ ಕಚೇರಿಗೂ ಒಂದು ಅರ್ಜಿ ಕೊಡೋಣ.

ಪ್ರತಿಕ್ರಿಯೆ (ಕಂಡಕ್ಟರ್, 22 ವರ್ಷ ಸರ್ವಿಸ್):
ಮೇಡಂ ಹೇಳಿದ್ದಕ್ಕೆ ನನ್ನದೊಂದು ಸೇರಿಸುತ್ತೇನೆ. ಆ ತಾಯಿಯ ಮಾತು ಓದಿ ಬೇಜಾರಾಯ್ತು. ಕಂಡಕ್ಟರಿಗೆ ಗೊತ್ತಾಗಲ್ಲ ಅನ್ನುವುದು ಸುಳ್ಳು. ಸೀಟು ಖಾಲಿ ಇದ್ದರೂ ಕೂರದೆ ಹೆಂಗಸರ ಮಧ್ಯೆ ನಿಲ್ಲುವವನು ಎರಡನೇ ದಿನಕ್ಕೇ ಕಣ್ಣಿಗೆ ಬೀಳುತ್ತಾನೆ. ಅವನು ನಿಲ್ಲುವ ಜಾಗವೂ ಒಂದೇ, ಮುಂದಿನ ಬಾಗಿಲು ದಾಟಿ ಎರಡನೇ ಸೀಟಿನ ಹತ್ತಿರ. ನಾನು ಕೂಗಾಡಲ್ಲ. "ಯಜಮಾನ್ರೇ, ಹಿಂದೆ ನಡೀರಿ" ಅಂತೀನಿ. ಹೋಗಲಿಲ್ಲ ಅಂದರೆ ಸೀಟಿ ಊದಿ ಬಸ್ ನಿಲ್ಲಿಸ್ತೀನಿ. ಬಸ್ ನಿಂತು ಎಲ್ಲರೂ ತಿರುಗಿ ನೋಡಿದ ಮೇಲೆ ಅವನು ತಾನೇ ಜಾಗ ಬಿಡುತ್ತಾನೆ. ಶಾಲೆ ಕಾಲೇಜು ಹೊತ್ತಲ್ಲಿ ಹೆಣ್ಣುಮಕ್ಕಳನ್ನು ಡ್ರೈವರ್ ಹಿಂದಿನ ಸೀಟುಗಳಿಗೆ ಕಳಿಸಿ, ಗಂಡಸರನ್ನು ಹಿಂದಿನ ಬಾಗಿಲಿಂದ ಹತ್ತಿಸಿದರೆ ಅರ್ಧ ತೊಂದರೆ ಅಲ್ಲಿಗೇ ಮುಗಿಯುತ್ತೆ. ಇದಕ್ಕೆ ದುಡ್ಡು ಖರ್ಚಿಲ್ಲ. ನಮ್ಮವರಲ್ಲೂ ತಪ್ಪಿದೆ, ಕಲೆಕ್ಷನ್ ಆಸೆಗೆ ಫುಟ್‌ಬೋರ್ಡ್ ತನಕ ತುಂಬುತ್ತೇವೆ.

ಪ್ರಶ್ನೆ (ಸಾಗರ, ಆಸ್ಪತ್ರೆಯಲ್ಲಿ ನರ್ಸ್):
ಅಕ್ಕಾ, ನನಗೆ 24. ಪೋಕ್ಸೋ ನನಗೆ ಇಲ್ಲ, ಹಾಗಾದರೆ? ನನಗೆ ಬಸ್ಸಿಗಿಂತ ಭಯ ಆಗುವುದು ಇಳಿದ ಮೇಲೆ. ಕ್ರಾಸಲ್ಲಿ ಲೈಟ್ ಇಲ್ಲ. ಮಳೆಗಾಲದಲ್ಲಿ ಏಳು ಗಂಟೆಗೇ ಕತ್ತಲು. ಬಸ್ಸಲ್ಲಿ ಅಪಾಯ ಅಂದಾಗ ಒತ್ತುವ ಕೆಂಪು ಗುಂಡಿ ಇರುತ್ತಲ್ಲ, ಅದು ಕೆಲಸ ಮಾಡುತ್ತಾ?

ಉತ್ತರ (ವಕೀಲರು):
ದೊಡ್ಡವರಿಗೂ ಕಾನೂನಿದೆ ತಂಗಿ. ಮಾನಭಂಗದ ಉದ್ದೇಶದಿಂದ ಮೈಮುಟ್ಟಿದರೆ ಭಾರತೀಯ ನ್ಯಾಯ ಸಂಹಿತೆಯ 74ನೇ ಕಲಂ, 1ರಿಂದ 5 ವರ್ಷ ಶಿಕ್ಷೆ. ಹಿಂಬಾಲಿಸಿದರೆ 78ನೇ ಕಲಂ.

ಕೆಂಪು ಗುಂಡಿ, ಜಿಪಿಎಸ್ ಎರಡೂ 2019ರ ಜನವರಿಯಿಂದ ನೋಂದಣಿಯಾದ ಹೊಸ ಬಸ್ಸುಗಳಲ್ಲಿ ಇರಲೇಬೇಕು. ಆದರೆ ಗುಂಡಿ ಇದೆ ಅಂತ ಸುಮ್ನೆ ನಂಬಿ ಕೂರಬೇಡಿ. ಘಟ್ಟದ ಕಡೆ ನೆಟ್‌ವರ್ಕ್ ಸಿಗದ ಜಾಗಗಳು ನಿಮಗೇ ಗೊತ್ತು. ಪಕ್ಕದ ಸೀಟಿನ ಹೆಂಗಸನ್ನು ಕರೆಯುವುದೇ ಬೇಗ ಆಗುವ ಕೆಲಸ.

ಕ್ರಾಸಿನ ಲೈಟ್ ಗ್ರಾಮ ಪಂಚಾಯ್ತಿ ಕೆಲಸ. ಬಾಯಲ್ಲಿ ಹೇಳಿದರೆ ನಡೆಯಲ್ಲ. ಕಂಬದ ನಂಬರ್ ಬರೆದು, ನಾಲ್ಕು ಜನ ಸಹಿ ಹಾಕಿ ಅರ್ಜಿ ಕೊಡಿ, ಸ್ವೀಕೃತಿ ಇಸ್ಕೊಳ್ಳಿ. ಮಕ್ಕಳ ಗ್ರಾಮಸಭೆ ನಡೆಯುವಾಗ ಬಸ್ಸಲ್ಲಿ ಓಡಾಡುವ ಹುಡುಗಿಯರೇ ಎದ್ದು ಕೇಳಲಿ. ಶಕ್ತಿ ಯೋಜನೆ 2023ರ ಜೂನ್ 11ಕ್ಕೆ ಶುರುವಾಯ್ತು, ಒಳ್ಳೇದೇ ಆಯ್ತು. ಆದರೆ ನಮ್ಮ ಮಲೆನಾಡಿನ ಎಷ್ಟೋ ಊರಿಗೆ ಕೆಂಪು ಬಸ್ಸೇ ಬರಲ್ಲ. ಪ್ರೈವೇಟ್ ಬಸ್ಸಿಗೆ ಆ ಯೋಜನೆ ಇಲ್ಲ. ಬೆಳಿಗ್ಗೆ ಎಂಟಕ್ಕೆ ಒಂದು, ಸಂಜೆ ಐದಕ್ಕೆ ಒಂದು ಹೆಚ್ಚಿಗೆ ಬಸ್ ಬಿಟ್ಟರೆ ಯಾರೂ ಯಾರ ಮೈಗೂ ಒತ್ತಿಕೊಂಡು ನಿಲ್ಲಬೇಕಾಗಿಲ್ಲ. ಪಂಚಾಯ್ತಿ ಅರ್ಜಿಯ ಜೊತೆಗೇ ಡಿಪೋಗೂ ಒಂದು ಅರ್ಜಿ ಕೊಡಿ.

ಪ್ರಶ್ನೆ (ಮೊದಲಿನ ತಾಯಿ):
ಮೇಡಂ, ನಿನ್ನೆ ರಾತ್ರಿ ನೋಟ್‌ಬುಕ್ ಬರೆಸಿದೆ. ಒಂಬತ್ತು ದಿನದ್ದು ನೆನಪಿಟ್ಟಿದ್ದಾಳೆ, ತಾರೀಖು ಸಮೇತ. ಇವರು ಓದಿದರು. ಓದಿ ತುಂಬಾ ಹೊತ್ತು ಜಗಲಿ ಮೇಲೆ ಕೂತಿದ್ದರು. ಬೆಳಿಗ್ಗೆ ಎದ್ದು "ನಾನೇ ಸ್ಟೇಷನ್ನಿಗೆ ಬರ್ತೀನಿ" ಅಂದರು. ವಕೀಲರ ಫೀಸ್ ಎಷ್ಟಾಗುತ್ತೆ?

ಉತ್ತರ (ವಕೀಲರು):
ಫೀಸ್ ಮಾತು ಬೇಡ ಅಕ್ಕಾ. ಹೆಂಗಸರಿಗೆ, ಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತವಾಗಿ ವಕೀಲರು ಸಿಗುತ್ತಾರೆ, 15100ಕ್ಕೆ ಫೋನ್ ಮಾಡಿದರೂ ಆಗುತ್ತೆ. ದೂರು ಇವತ್ತೇ ಕೊಡಿ, ನಾಳೆಗೆ ಇಡಬೇಡಿ. ನೋಟ್‌ಬುಕ್ಕಿನ ಜೆರಾಕ್ಸ್ ಕೊಟ್ಟು, ಅಸಲು ಮನೆಯಲ್ಲೇ ಇಟ್ಟುಕೊಳ್ಳಿ. ಅವರಪ್ಪ ಬಸ್ಸಲ್ಲಿ ಅವನನ್ನು ಕಂಡರೂ ಕೈ ಮಾಡಬಾರದು, ಇದನ್ನು ಗಟ್ಟಿಯಾಗಿ ಹೇಳಿ. ಮಗಳಿಗೆ ಹೊಟ್ಟೆತುಂಬ ತಿಂಡಿ ಕೊಟ್ಟು ಕಾಲೇಜಿಗೆ ಕಳಿಸಿ. ಹೇಳಿಕೆಗೆ ಪೊಲೀಸರು ಸಂಜೆ ಮನೆಗೇ ಬರಲಿ. ಅವರು ಬರುವ ಹೊತ್ತು ಗೊತ್ತಾದ ತಕ್ಷಣ ನನಗೆ ತಿಳಿಸಿ, ನಾನೂ ಬರುತ್ತೇನೆ.