ಸಿನಿಮಾ ಅಂತ ಫೈಲ್ ಇಳಿಸಿದೆ, ಈಗ ಏನು ಮಾಡಲಿ? – ಬಾಗಲಕೋಟೆ ಮೊಬೈಲ್, ಕಂಪ್ಯೂಟರ್ ಗುಂಪು

ಜಮಖಂಡಿ: ಅಣ್ಣಾ, ಹೊಸ ಸಿನಿಮಾ ಲೀಕ್ ಆಗಿದೆ ಅಂತ ಲಿಂಕ್ ಬಂತು. ಎಚ್‌ಡಿ, 9 ಎಂಬಿ. ತೆರೆಯಲಾ?

ರಿಪೇರಿ ಅಣ್ಣ: ಬೇಡ. ಎರಡೂವರೆ ತಾಸಿನ ಸಿನಿಮಾ 9 ಎಂಬಿಯಲ್ಲಿ ಹಿಡಿಸಲ್ಲ. ಅಳಿಸಿಬಿಡಿ.

ನವನಗರ: ಅಣ್ಣಾವರೇ, ನಮ್ಮ ಮಾವನವರು ಟೆಲಿಗ್ರಾಂ ಲಿಂಕಿನಿಂದ ಅಂಥದ್ದೇ ಒಂದು ಹಾಕಿಕೊಂಡಿದ್ದಾರೆ. ಸಿನಿಮಾ ಬರಲಿಲ್ಲ, ಐಕಾನೂ ಮಾಯ. ನಿನ್ನೆಯಿಂದ ಬ್ಯಾಂಕಿನ ಮೆಸೇಜ್ ಬರುತ್ತಿಲ್ಲ. ಪೆನ್ಷನ್ ಖಾತೆ ಅದೇ ನಂಬರಿಗಿದೆ.

ರಿಪೇರಿ ಅಣ್ಣ: ಅಕ್ಕಾವರೇ, ಮೊದಲು ಆ ಫೋನಿನ ಡೇಟಾ, ವೈಫೈ ಆಫ್ ಮಾಡಿ. ಸಿಮ್ ತೆಗೆಯಿರಿ. ಅವರು ಹಾಕಿಕೊಂಡದ್ದು ಸಿನಿಮಾ ಅಲ್ಲ, ಎಪಿಕೆ, ಅಂದರೆ ಆ್ಯಪ್. ‘ಪ್ಲೇಯರ್ ಅಪ್‌ಡೇಟ್ ಮಾಡಿ’ ಅಂತ ಕೇಳಿರುತ್ತೆ, ಮಾವನವರು ‘ಅಲೋ’ ಒತ್ತುತ್ತಾ ಹೋಗಿರುತ್ತಾರೆ. ಎಸ್ಸೆಮ್ಮೆಸ್ ಪರ್ಮಿಷನ್ ಸಿಕ್ಕರೆ ಒಟಿಪಿ ಓದಿ ಬೇರೆಯವರಿಗೆ ಕಳಿಸುತ್ತೆ, ಕೆಲವು ಆ್ಯಪ್ ನಿಮಗೆ ಕಾಣದಂತೆ ಅಡಗಿಸಲೂಬಹುದು. ಅಕ್ಸೆಸಿಬಿಲಿಟಿ, ಅಂದರೆ ಫೋನನ್ನು ನಿಮ್ಮ ಬದಲು ನಡೆಸುವ ಪರ್ಮಿಷನ್ನನ್ನೂ ಕೊಟ್ಟಿದ್ದರೆ ಪರದೆ ಮೇಲಿನದ್ದನ್ನೆಲ್ಲ ನೋಡುತ್ತೆ, ತಾನೇ ಬಟನ್ ಒತ್ತುತ್ತೆ. ಮೆಸೇಜ್ ನಿಂತಿದೆ ಅಂದಿರಲ್ಲ, ನನಗೆ ಚಿಂತೆ ಅದೇ.

ಬೇರೆ ಫೋನಿನಿಂದ ಬ್ಯಾಂಕಿಗೆ ಕರೆ ಮಾಡಿ ಯುಪಿಐ, ಕಾರ್ಡ್, ನೆಟ್ ಬ್ಯಾಂಕಿಂಗ್ ಬಂದ್ ಮಾಡಿಸಿ. ದುಡ್ಡು ಹೋಗಿದ್ದರೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಈಗಲೇ ಫೋನ್ ಮಾಡಿ. ತಡವಾದಷ್ಟೂ ದುಡ್ಡು ಖಾತೆಯಿಂದ ಖಾತೆಗೆ ಹಾರುತ್ತೆ. ಪಾಸ್‌ವರ್ಡ್, ಪಿನ್ ಬದಲಿಸುವುದೂ ಬೇರೆ ಫೋನಿನಲ್ಲೇ. ಫೋಟೋ ಮಾತ್ರ ತೆಗೆದಿಟ್ಟುಕೊಂಡು ಫ್ಯಾಕ್ಟರಿ ರಿಸೆಟ್ ಹೊಡೆಯಿರಿ. ಆ ಫೈಲನ್ನು ಮಾತ್ರ ವಾಪಸ್ ತರಬೇಡಿ. ಮಾವನವರನ್ನು ಬೈಯಬೇಡಿ, ಆಮೇಲೆ ಏನೇನು ಒತ್ತಿದರು ಅಂತ ಹೇಳಲ್ಲ.

ಇಳಕಲ್ ಸೀರೆ ಅಂಗಡಿ: *#21# ಒತ್ತಿದರೆ ಹ್ಯಾಕ್ ಆಗಿದೆಯೋ ಇಲ್ಲವೋ ತಿಳಿಯುತ್ತೆ. ಎಲ್ಲರಿಗೂ ಕಳಿಸಿ 🙏

ರಿಪೇರಿ ಅಣ್ಣ: ತಿಳಿಯಲ್ಲ. ನಿಮ್ಮ ಕರೆ ಬೇರೆ ನಂಬರಿಗೆ ಫಾರ್ವರ್ಡ್ ಆಗುತ್ತಿದೆಯಾ ಅನ್ನುವುದಷ್ಟೇ ತೋರಿಸುತ್ತೆ. ಕಳಿಸಬೇಡಿ.

ಮುಧೋಳ: ಲ್ಯಾಪ್‌ಟಾಪಿನಲ್ಲಿ ಫೈಲ್ ಹೆಸರಿನ ಕೊನೆಗೆ ಎಂಪಿ4 ಅಂತಲೇ ಇದೆ, ಆದರೂ ವೈರಸ್ಸಾ?

ರಿಪೇರಿ ಅಣ್ಣ: ಆಗಬಹುದು. ವಿಂಡೋಸ್ ಫೈಲಿನ ಬಾಲ ಮುಚ್ಚಿಡುತ್ತೆ. ಎಂಪಿ4 ಆದಮೇಲೆ .ಇಎಕ್ಸ್‌ಇ ಇದ್ದರೆ ಅದು ವಿಡಿಯೋ ಅಲ್ಲ, ಪ್ರೋಗ್ರಾಂ; ನಿಮಗೆ ಕಾಣಲ್ಲ. ವ್ಯೂ ಮೆನುವಿನಲ್ಲಿ ‘ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್’ ಟಿಕ್ ಮಾಡಿ ನೋಡಿ.

ಹುನಗುಂದ: ಅಣ್ಣಾ, ಕ್ರ್ಯಾಕ್ ಸಾಫ್ಟ್‌ವೇರ್ ಹಾಕಿದ ಮೇಲೆ ಫೋಟೋ ಒಂದೂ ತೆರೆಯುತ್ತಿಲ್ಲ, ದುಡ್ಡು ಕೇಳುವ ಚೀಟಿ ಬಂದಿದೆ.

ಜಮಖಂಡಿ: ಥಿಯೇಟರಿಗೆ ನಾಲ್ಕು ಜನ ಹೋದರೆ ಸಾವಿರ ಖರ್ಚು. ಬಡವರು ಎಲ್ಲಿ ನೋಡಬೇಕು?

ಬಾದಾಮಿ: ಎರಡು ತಿಂಗಳು ತಡೀರಿ, ಓಟಿಟಿಗೆ ಬರುತ್ತೆ. ಕದ್ದು ನೋಡುವುದಕ್ಕೆ ಬಡತನ ಯಾಕೆ ಅಡ್ಡ ತರ್ತೀರಿ? ಸಿನಿಮಾಟೋಗ್ರಾಫ್ ಕಾಯ್ದೆಯ 2023ರ ತಿದ್ದುಪಡಿ ಪ್ರಕಾರ ಥಿಯೇಟರಿನಲ್ಲಿ ರೆಕಾರ್ಡ್ ಮಾಡಿದರೆ ಕನಿಷ್ಠ 3 ತಿಂಗಳು ಜೈಲು, 3 ಲಕ್ಷ ದಂಡ.

ಜಮಖಂಡಿ: ನಾನೇನು ಕ್ಯಾಮೆರಾ ಹಿಡಿದಿದ್ದೆನಾ? ಸುಮ್ನೆ ಕಾನೂನು ಓದಬೇಡಿ.

ಬಾದಾಮಿ: ಹಿಡಿದವನ ಗಿರಾಕಿ ನೀವೇ ಅಲ್ವಾ?

ಇಳಕಲ್ ಸೀರೆ ಅಂಗಡಿ: ಫ್ಲೈಟ್ ಮೋಡ್ ಹಾಕಿ ನೋಡಿದರೆ ವೈರಸ್ ಬರಲ್ಲವಂತೆ.

ರಿಪೇರಿ ಅಣ್ಣ: ಆಮೇಲೆ ನೆಟ್ ಆನ್ ಮಾಡ್ತೀರಲ್ಲ, ಆಗ ಕೆಲಸ ಶುರು ಮಾಡುತ್ತೆ. ಇಂಥದ್ದನ್ನು ಇಲ್ಲಿ ಹಾಕುವುದು ನಿಲ್ಲಿಸಿ, ಎರಡನೇ ಸಲ ಹೇಳ್ತಿದ್ದೇನೆ.

ಮುಧೋಳ: 9 ಎಂಬಿ ಫೈಲ್ ತೆರೆಯಬಹುದಾ?

ರಿಪೇರಿ ಅಣ್ಣ: ಮೇಲೆ ಓದಿ.

ಜಮಖಂಡಿ: ಬಾದಾಮಿಯವರು ದೊಡ್ಡ ಸತ್ಯವಂತರು, ಅವರ ಲ್ಯಾಪ್‌ಟಾಪಿನ ವಿಂಡೋಸ್ ಒರಿಜಿನಲ್ಲಾ ಕೇಳಿ!

ರಿಪೇರಿ ಅಣ್ಣ: ನಿಮ್ಮ ಜಗಳ ಹೊರಗೆ ಇಟ್ಟುಕೊಳ್ಳಿ. ನವನಗರದ ಅಕ್ಕಾವರೇ, ಬ್ಯಾಂಕಿನವರು ಏನಂದರು?