ಬೆಳಗಿನ ಎಂಟು ಕೆಲಸದಲ್ಲಿ ಯಾವುದನ್ನು ಇಟ್ಟುಕೊಳ್ಳಲಿ, ಡಾಕ್ಟ್ರೇ?

ಪ್ರಶ್ನೆ (ಪ್ರಾಥಮಿಕ ಶಾಲಾ ಶಿಕ್ಷಕಿ, 46 ವರ್ಷ, ತಿಪಟೂರು)

ನಮಸ್ಕಾರ ಮೇಡಂ. ಹೋದ ತಿಂಗಳು ತಪಾಸಣಾ ಶಿಬಿರದಲ್ಲಿ ರಕ್ತ ಕೊಟ್ಟಿದ್ದೆ. ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸೋ ಪರೀಕ್ಷೆ) 6.1 ಬಂತು, ಬಿಪಿ 134/86. ತೂಕ 68 ಕಿಲೋ, ಎತ್ತರ 5 ಅಡಿ 2 ಇಂಚು. ಈಗಲೇ ಮಾತ್ರೆ ಬೇಡ, ದಿನಚರಿ ಸರಿ ಮಾಡಿಕೊಳ್ಳಿ ಅಂತ ಹೇಳಿ ಕಳಿಸಿದರು. ಅವತ್ತಿನಿಂದ ನೆಂಟರಿಷ್ಟರೆಲ್ಲ ಒಂದೊಂದು ಹೇಳಿ, ಈಗ ಬೆಳಗ್ಗೆ 5ಕ್ಕೆ ಎದ್ದು ಎಂಟು ಕೆಲಸ ಮಾಡ್ತಿದ್ದೀನಿ. ತಾಮ್ರದ ಚೊಂಬಿನ ನೀರು, ಬಿಸಿನೀರಿಗೆ ನಿಂಬೆ ಮತ್ತು ಜೇನು, ನೆನೆಸಿದ ಮೆಂತ್ಯ, ಹಾಗಲಕಾಯಿ ರಸ, ಅಮೃತಬಳ್ಳಿ ಕಷಾಯ, ಎಣ್ಣೆ ಬಾಯಿಗೆ ಹಾಕಿ ಮುಕ್ಕಳಿಸುವುದು, ಜಲನೇತಿ (ಮೂಗಿಗೆ ನೀರು ಹಾಯಿಸಿ ತೊಳೆಯುವುದು), ಕೊನೆಗೆ 12 ಸೂರ್ಯನಮಸ್ಕಾರ. 7.50ಕ್ಕೆ ಬಸ್ಸು. ಇಷ್ಟರಲ್ಲಿ ತಿಂಡಿ ತಿನ್ನೋಕೇ ಟೈಮ್ ಸಿಗ್ತಿಲ್ಲ. ರಾತ್ರಿ ಊಟ 10 ಗಂಟೆಗೆ, 10.30ಕ್ಕೆ ಮಲಗಿಬಿಡ್ತೀನಿ. ಮೂರೇ ವಾರಕ್ಕೆ ಸಾಕಾಗಿ ಹೋಗಿದೆ. ಇದರಲ್ಲಿ ಯಾವುದು ಬೇಕು, ಯಾವುದು ಬಿಡಲಿ?

ಉತ್ತರ (ಡಾಕ್ಟರ್)

ಟೀಚರ್, ಮೊದಲು ಹೆದರಿಕೆ ಬಿಡಿ. 5.7ರಿಂದ 6.4ರ ಒಳಗೆ ಇದ್ದರೆ ಅದು ಸಕ್ಕರೆ ಕಾಯಿಲೆಯ ಹೊಸ್ತಿಲು, ಕಾಯಿಲೆ ಅಲ್ಲ. 2023ರಲ್ಲಿ ಹೊರಬಂದ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಈ ಹೊಸ್ತಿಲ ಮೇಲೆ ನಿಂತವರೇ 13.6 ಕೋಟಿ ಜನ. ಇಲ್ಲಿಂದ ಹಿಂದಕ್ಕೆ ಬರೋಕೆ ಆಗುತ್ತೆ ಅನ್ನೋದಕ್ಕೆ ನಮ್ಮ ಪಕ್ಕದ ಚೆನ್ನೈನಲ್ಲೇ ನಡೆದ ಅಧ್ಯಯನ ಇದೆ, 2006ರಲ್ಲಿ ಪ್ರಕಟವಾಗಿದ್ದು. ನಿಮ್ಮ ಹಾಗೇ ಹೊಸ್ತಿಲಲ್ಲಿದ್ದ 531 ಜನರನ್ನು ಸುಮಾರು ಮೂರು ವರ್ಷ ಗಮನಿಸಿದರು. ಏನೂ ಬದಲಾಯಿಸಿಕೊಳ್ಳದವರಲ್ಲಿ 100ಕ್ಕೆ 55 ಜನಕ್ಕೆ ಸಕ್ಕರೆ ಕಾಯಿಲೆ ಬಂತು. ದಿನಾ ಅರ್ಧ ಗಂಟೆ ಚುರುಕಾಗಿ ನಡೆದು, ಅನ್ನ, ಸಿಹಿ, ಎಣ್ಣೆ ಹಿಡಿತದಲ್ಲಿಟ್ಟವರಲ್ಲಿ 39 ಜನಕ್ಕೆ. ಮಾತ್ರೆ ತಗೊಂಡವರ ಫಲಿತಾಂಶವೂ ಹೆಚ್ಚುಕಮ್ಮಿ ಅಷ್ಟೇ ಬಂತು. ನಾನು ಈ ಲೆಕ್ಕವನ್ನು ಎಲ್ಲರಿಗೂ ಹೇಳ್ತೀನಿ, ಯಾಕಂದ್ರೆ ಅವರು ಮಾಡಿದ ಕೆಲಸದಲ್ಲಿ ಕಷಾಯವೂ ಇರಲಿಲ್ಲ, ರಸವೂ ಇರಲಿಲ್ಲ.

ಈಗ ನಿಮ್ಮ ಎಂಟು. ಸೂರ್ಯನಮಸ್ಕಾರ ಬಿಡಲೇಬೇಡಿ. ಮೆಂತ್ಯ ಒಂದು ಚಮಚ ನೆನೆಸಿ ತಿನ್ನೋದು ಹೊಟ್ಟೆಗೆ ಹಿಡಿಸಿದರೆ ಇರಲಿ, ನಾರಿನಂಶ ಇದೆ, ಸ್ವಲ್ಪ ಸಹಾಯ ಮಾಡುತ್ತೆ. ತಾಮ್ರದ ಚೊಂಬಿನ ನೀರಿಂದ ಲಾಭವೂ ಇಲ್ಲ, ತೊಂದರೆಯೂ ಇಲ್ಲ. ಆದರೆ ಅದೇ ಚೊಂಬಿಗೆ ನಿಂಬೆ ಹಿಂಡಬೇಡಿ, ಮಜ್ಜಿಗೆ ಹಾಕಿಡಬೇಡಿ. ಹುಳಿ ತಾಮ್ರವನ್ನು ಕರಗಿಸಿ ನೀರಿಗೆ ಬಿಡುತ್ತೆ. ಜೇನುತುಪ್ಪ ಇವತ್ತೇ ನಿಲ್ಲಿಸಿ. ನಿಮ್ಮ ರಕ್ತಕ್ಕೆ ಅದು ಒಂದು ಚಮಚ ಸಕ್ಕರೆ ಇದ್ದ ಹಾಗೇ. ಹಾಗಲಕಾಯಿಯನ್ನು ರಸ ಹಿಂಡಿ ಕಣ್ಣು ಮುಚ್ಚಿ ಕುಡಿಯೋದು ಯಾಕೆ, ಪಲ್ಯ ಮಾಡಿ ನೆಮ್ಮದಿಯಾಗಿ ತಿನ್ನಿ. ಎಣ್ಣೆ ಮುಕ್ಕಳಿಸೋದರಿಂದ ಸಕ್ಕರೆ ಇಳಿಯಲ್ಲ, ಆ ಹದಿನೈದು ನಿಮಿಷ ತಿಂಡಿಗೆ ಕೊಡಿ.

ಎರಡು ವಿಷಯಕ್ಕೆ ಮಾತ್ರ ಗಟ್ಟಿಯಾಗಿ ಹೇಳಬೇಕು. ಅಮೃತಬಳ್ಳಿ ಬಿಡಿ. ಕೋವಿಡ್ ಸಮಯದಲ್ಲಿ ಅದನ್ನು ತಿಂಗಳುಗಟ್ಟಲೆ ಕುಡಿದ ಕೆಲವರಿಗೆ ಯಕೃತ್ತು ಊದಿಕೊಂಡಿದ್ದನ್ನು 2021ರಲ್ಲಿ ಮುಂಬೈ ವೈದ್ಯರು ವರದಿ ಮಾಡಿದರು. ಅದೇ ಥರ ಕಾಣುವ ಬೇರೆ ಬಳ್ಳಿ ಬೆರೆತಿರಬಹುದು ಅಂತ ಆಯುಷ್ ಸಚಿವಾಲಯ ಹೇಳಿತು. ಯಾವುದೇ ಇರಲಿ, ಬೇಲಿಯಲ್ಲಿ ಹಬ್ಬಿದ್ದನ್ನು ಕಿತ್ತು ಕುದಿಸುವಾಗ ಅದು ಯಾವ ಬಳ್ಳಿ ಅಂತ ನಿಮಗೂ ಗೊತ್ತಾಗಲ್ಲ, ನನಗೂ ಗೊತ್ತಾಗಲ್ಲ. ಜಲನೇತಿ ಮಾಡಲೇಬೇಕು ಅನ್ನಿಸಿದರೆ ನಲ್ಲಿ ನೀರು, ಬೋರ್‌ವೆಲ್ ನೀರು ಮೂಗಿಗೆ ಬೇಡ. ಚೆನ್ನಾಗಿ ಕುದಿಸಿ ಆರಿಸಿದ ನೀರೇ ಆಗಬೇಕು. ಕೇರಳದಲ್ಲಿ ಮೂಗಿನ ಮೂಲಕ ಮೆದುಳಿಗೆ ಹೋಗುವ ಅಮೀಬಾ ಸೋಂಕಿನ ಸುದ್ದಿ ನೀವೂ ಕೇಳಿರ್ತೀರಿ. ಅಪರೂಪದ ಕಾಯಿಲೆ ನಿಜ, ಆದರೆ ಜಗತ್ತಿನಾದ್ಯಂತ ನೋಡಿದರೆ ಬಂದವರಲ್ಲಿ ಉಳಿದವರು ಕಮ್ಮಿ.

ಇಷ್ಟು ಹೇಳಿ, ನೀವು ಕೇಳದೇ ಇರುವ ವಿಷಯಕ್ಕೆ ಬರ್ತೀನಿ. ಎಲ್ಲರೂ ನಿಮ್ಮ ಬೆಳಗ್ಗೆಯನ್ನು ರಿಪೇರಿ ಮಾಡೋಕೆ ಹೊರಟಿದ್ದಾರೆ. ನಿಮಗೆ ತೊಂದರೆ ಇರೋದು ರಾತ್ರಿಯಲ್ಲಿ. 10ಕ್ಕೆ ಉಂಡು 10.30ಕ್ಕೆ ಮಲಗಿದರೆ ಆ ಊಟದ ಸಕ್ಕರೆ ರಕ್ತಕ್ಕೆ ಏರುವ ಹೊತ್ತಿಗೆ ಮೈ ಹಾಸಿಗೆ ಸೇರಿರುತ್ತೆ, ಮಾಂಸಖಂಡ ಸುಮ್ಮನೆ ಬಿದ್ದಿರುತ್ತೆ. ನಡೆಯುವಾಗ ತೊಡೆ ಮತ್ತು ಮೀನಖಂಡ ಇನ್ಸುಲಿನ್‌ಗೆ ಹೆಚ್ಚು ಕಾಯದೆ ಸಕ್ಕರೆಯನ್ನು ತಾವೇ ಎಳೆದುಕೊಳ್ಳುತ್ತವೆ. ನ್ಯೂಜಿಲೆಂಡ್‌ನ ಒಟಾಗೊ ವಿಶ್ವವಿದ್ಯಾಲಯದವರು 2016ರಲ್ಲಿ 41 ಜನ ಸಕ್ಕರೆ ಕಾಯಿಲೆಯವರಲ್ಲಿ ಇದನ್ನೇ ನೋಡಿದರು. ದಿನಕ್ಕೊಮ್ಮೆ ಅರ್ಧ ಗಂಟೆ ನಡೆಯುವ ಬದಲು ಮೂರು ಊಟದ ನಂತರ ಹತ್ತತ್ತು ನಿಮಿಷ ನಡೆದಾಗ ಊಟದ ನಂತರದ ಸಕ್ಕರೆ ಸರಾಸರಿ 12 ಶೇಕಡ ಕಡಿಮೆ ಇತ್ತು. ರಾತ್ರಿ ಊಟದ ನಂತರ ಮಾತ್ರ ನೋಡಿದರೆ 22 ಶೇಕಡ.

ಹಾಗಾಗಿ ನಾನು ಹೇಳೋದು ಮೂರೇ: 8 ಗಂಟೆಯ ಆಸುಪಾಸಿಗೆ ಊಟ, ಉಂಡ ಮೇಲೆ ಹದಿನೈದು ನಿಮಿಷ ನಡಿಗೆ, ಬೆಳಗ್ಗೆ ತಪ್ಪದೆ ತಿಂಡಿ. ತಿಂಡಿ ಅಂದ್ರೆ ಎರಡು ಇಡ್ಲಿ, ತರಕಾರಿ ಸಮೇತ ಒಂದು ಬಟ್ಟಲು ಸಾಂಬಾರು, ಜೊತೆಗೆ ಒಂದು ಮೊಟ್ಟೆ ಅಥವಾ ಒಂದು ಹಿಡಿ ಬೇಯಿಸಿದ ಹೆಸರುಕಾಳು. 6 ಗಂಟೆಗೆ ಎದ್ದರೂ ಸಾಕು.

ಪ್ರಶ್ನೆ (ಅದೇ ಶಿಕ್ಷಕಿ)

ಮೇಡಂ, ನಮ್ಮ ಯಜಮಾನರು ಅಂಗಡಿ ಬಾಗಿಲು ಹಾಕಿ ಬರೋದೇ 9.30ಕ್ಕೆ. ಅವರು ಉಣ್ಣೋ ಮುಂಚೆ ನಾನು ಉಂಡರೆ ಅತ್ತೆ ಏನೂ ಅನ್ನಲ್ಲ, ಆದರೆ ಮುಖ ನೋಡಿದರೆ ಗೊತ್ತಾಗುತ್ತೆ. ಮತ್ತೆ ರಾತ್ರಿ ನಾವು ಮುದ್ದೆ ಉಣ್ಣೋರು. ರಾಗಿ ಆದ್ರೆ ಎಷ್ಟು ಉಂಡರೂ ಶುಗರ್ ಏರಲ್ಲ ಅಂತಾರಲ್ಲ?

ಉತ್ತರ

ಈ ಮಾತು ವಾರಕ್ಕೆ ಎರಡು ಸಲವಾದರೂ ನನ್ನ ಮುಂದೆ ಬರುತ್ತೆ, ಪ್ರತಿ ಸಲವೂ ಮನಸ್ಸಿಗೆ ಕಷ್ಟ ಆಗುತ್ತೆ. ನಮ್ಮಮ್ಮ ಹೀಗೇ ಕಾದು ಕಾದು ಉಂಡವರು. ತಪ್ಪಲೆ ತಳದಲ್ಲಿ ಉಳಿದಿದ್ದು, ಆರಿ ಗಟ್ಟಿಯಾದ ಅರ್ಧ ಮುದ್ದೆ, ಹತ್ತೂವರೆಗೆ. 52ಕ್ಕೆ ಸಕ್ಕರೆ ಕಾಯಿಲೆ ಬಂತು. ಅದೊಂದೇ ಕಾರಣ ಅಂತ ವೈದ್ಯೆಯಾಗಿ ನಾನು ಹೇಳಲಾರೆ, ಮಗಳಾಗಿ ಮರೆಯೋಕೂ ಆಗಲ್ಲ. ನೀವು ಹೀಗೆ ಮಾಡಿ: ಅತ್ತೆಯವರಿಗೂ ವಯಸ್ಸಾಗಿದೆ, ಅವರಿಗೂ ಬೇಗ ಉಣ್ಣೋದೇ ಒಳ್ಳೇದು. ಇಬ್ಬರೂ 8ಕ್ಕೆ ಜೊತೆಯಲ್ಲಿ ಕೂತು ಉಣ್ಣಿ. ಯಜಮಾನರು ಬಂದಾಗ ಬಿಸಿಮಾಡಿ ಬಡಿಸಿ, ಪಕ್ಕದಲ್ಲಿ ಕೂತು ಒಂದು ಲೋಟ ಮಜ್ಜಿಗೆ ಕುಡಿಯುತ್ತಾ ಮಾತಾಡಿ. ಬೇಕಿದ್ದರೆ ನನ್ನ ಹೆಸರು ಹೇಳಿ, ಡಾಕ್ಟ್ರು ಬರೆದುಕೊಟ್ಟಿದ್ದಾರೆ ಅಂತ.

ರಾಗಿ ವಿಷಯ. ರಾಗಿ ಒಳ್ಳೆಯ ಧಾನ್ಯ, 100 ಗ್ರಾಂ ಹಿಟ್ಟಿನಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಅಕ್ಕಿಯಲ್ಲಿ ಅದರ ಹತ್ತಿರಕ್ಕೂ ಇಲ್ಲ. ಆದರೆ ಅದೇ 100 ಗ್ರಾಂನಲ್ಲಿ ಪಿಷ್ಟವೂ ಸುಮಾರು 70 ಗ್ರಾಂ ಇದೆ. ನುಣ್ಣಗೆ ಬೀಸಿ, ಕುದಿಸಿ, ತೊಳಸಿದ ಹಿಟ್ಟು ಬೇಗ ಜೀರ್ಣ ಆಗುತ್ತೆ, ಅಗಿಯೋದೂ ಇಲ್ಲ. ಎರಡು ದೊಡ್ಡ ಮುದ್ದೆ ಉಂಡು ಮೇಲೆ ಒಂದು ಸೌಟು ಅನ್ನ ಅಂದ್ರೆ ರಾಗಿಯ ಲಾಭ ಅಲ್ಲೇ ಮುಗೀತು. ಹೊಲದಲ್ಲಿ ದಿನವಿಡೀ ಗುದ್ದಲಿ ಹಿಡಿದ ಮೈಗೆ ಆ ಅಳತೆ ಸರಿ ಇತ್ತು.

ಸಣ್ಣ ಕಿತ್ತಳೆ ಹಣ್ಣಿನಷ್ಟು ಒಂದು ಮುದ್ದೆ ಸಾಕು. ಅದಕ್ಕೆ ಮುಂಚೆ ತಟ್ಟೆಗೆ ಬರಬೇಕಾದ್ದು ಪಲ್ಯ. ಬಸ್ಸಾರು ಮಾಡೋ ಮನೆಗೆ ಇದು ತುಂಬ ಸುಲಭ, ಸೊಪ್ಪು ಕಾಳು ಬಸಿದ ಪಲ್ಯ ಇದ್ದೇ ಇರುತ್ತೆ. ಅದನ್ನು ಮುದ್ದೆ ಪಕ್ಕ ಉಪ್ಪಿನಕಾಯಿ ಥರ ಚೂರು ಇಟ್ಟುಕೊಳ್ಳಬೇಡಿ. ಒಂದು ಬಟ್ಟಲು ತುಂಬ ಹಾಕಿಕೊಂಡು, ಅರ್ಧ ತಿಂದ ಮೇಲೆ ಮುದ್ದೆಗೆ ಕೈ ಹಾಕಿ. ಸೊಪ್ಪಿನ ನಾರು, ಕಾಳಿನ ಪ್ರೋಟೀನು ಮೊದಲು ಹೊಟ್ಟೆ ಸೇರಿದರೆ ಹಿಂದೆ ಬರುವ ಪಿಷ್ಟ ನಿಧಾನಕ್ಕೆ ರಕ್ತಕ್ಕೆ ಇಳಿಯುತ್ತೆ. ತಿಪಟೂರಿನವರಿಗೆ ತೆಂಗಿನಕಾಯಿ ಬಿಡಿ ಅಂತ ನಾನು ಹೇಳಲ್ಲ, ಪಲ್ಯದ ಮೇಲೆ ಒಂದು ಚಮಚ ತುರಿ ಉದುರಿಸಿಕೊಳ್ಳಿ. ಆಮೇಲೆ ತಾರಸಿ ಹತ್ತಿ. ಮೊದಲ ವಾರ ಹದಿನೈದು ನಿಮಿಷ ಉದ್ದ ಅನ್ನಿಸುತ್ತೆ.

ಪ್ರಶ್ನೆ (ನಿವೃತ್ತ ವಿದ್ಯುತ್ ಇಲಾಖೆ ನೌಕರ, 63, ಅರಸೀಕೆರೆ)

ಡಾಕ್ಟರಮ್ಮ, ನಾನು ಬಿಪಿಗೆ ಟೆಲ್ಮಿಸಾರ್ಟನ್ ತಗೊಳ್ತೀನಿ. ಮನೆಯಲ್ಲಿ ಪುಡಿ ಉಪ್ಪು ಬಿಟ್ಟು ಸೈಂಧವ ಲವಣ ಮಾಡಿದ್ದೀವಿ. ಅದು ನೈಸರ್ಗಿಕ, ಹಾಗಾಗಿ ಲೆಕ್ಕ ಇಡಬೇಕಾಗಿಲ್ಲ ಅಲ್ವಾ?

ಉತ್ತರ

ಲೆಕ್ಕ ಇಡಲೇಬೇಕು ಸಾರ್. ಸೈಂಧವ ಲವಣವೂ ಬಹುಪಾಲು ಸೋಡಿಯಂ ಕ್ಲೋರೈಡೇ, ಬಣ್ಣ ಮಾತ್ರ ಗುಲಾಬಿ. ಅದರಲ್ಲಿ ಸಾಮಾನ್ಯವಾಗಿ ಅಯೋಡಿನ್ ಸೇರಿಸಿರೋದೂ ಇಲ್ಲ, ಹಾಗಾಗಿ ಮನೆಮಂದಿಗೆಲ್ಲ ಅದೊಂದನ್ನೇ ಬಳಸೋದು ಒಳ್ಳೆಯದಲ್ಲ. ವಿಶ್ವ ಆರೋಗ್ಯ ಸಂಸ್ಥೆ ಹೇಳೋದು ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದ್ರೆ ಎಲ್ಲ ಅಡುಗೆ ಸೇರಿ ಒಂದು ಟೀ ಚಮಚ. ಹಪ್ಪಳ, ಉಪ್ಪಿನಕಾಯಿ, ಮಜ್ಜಿಗೆ ಮೆಣಸಿನಕಾಯಿ ಎಲ್ಲ ಇದೇ ಲೆಕ್ಕಕ್ಕೆ. ಒಂದು ಎಚ್ಚರಿಕೆ: ಅಂಗಡಿಯಲ್ಲಿ ಕಡಿಮೆ ಸೋಡಿಯಂ ಉಪ್ಪು ಅಂತ ಸಿಗುತ್ತೆ, ಅದರಲ್ಲಿ ಪೊಟ್ಯಾಸಿಯಂ ಇರುತ್ತೆ. ನೀವು ತಗೊಳ್ಳೋ ಮಾತ್ರೆಯೂ ಪೊಟ್ಯಾಸಿಯಂ ಏರಿಸಬಲ್ಲದು. ಕಿಡ್ನಿ ಪರೀಕ್ಷೆ ಮಾಡಿಸಿ, ನಿಮ್ಮ ವೈದ್ಯರನ್ನು ಕೇಳದೆ ಆ ಪ್ಯಾಕೆಟ್ ಮನೆಗೆ ತರಬೇಡಿ.

ಪ್ರಶ್ನೆ (ಐಟಿ ಉದ್ಯೋಗಿ, 31, ಬೆಂಗಳೂರು)

ಮೇಡಂ, ವಿಟಮಿನ್ ಡಿ 14 ಬಂದಿದೆ. ನಾಲ್ಕು ತಿಂಗಳಿಂದ ದಿನಾ ಬೆಳಗ್ಗೆ 6.30ಕ್ಕೆ ಬಾಲ್ಕನಿ ಗಾಜಿನ ಹಿಂದೆ ಎಳೆಬಿಸಿಲಲ್ಲಿ ಕೂತು ಕಾಫಿ ಕುಡೀತೀನಿ. ಆದ್ರೂ ಏರಿಲ್ಲ.

ಉತ್ತರ

ಏರೋದು ಸಾಧ್ಯವೇ ಇಲ್ಲಪ್ಪ. ಚರ್ಮದಲ್ಲಿ ವಿಟಮಿನ್ ಡಿ ಹುಟ್ಟಿಸೋ ಕಿರಣವನ್ನು ಗಾಜು ತಡೆಯುತ್ತೆ, ಎಳೆಬಿಸಿಲಲ್ಲಿ ಆ ಕಿರಣ ಇರೋದೂ ತೀರಾ ಕಮ್ಮಿ. ನಿಂತು ನಿಮ್ಮ ನೆರಳು ನೋಡಿ. ನೆರಳು ನಿಮಗಿಂತ ಗಿಡ್ಡ ಇದ್ದಾಗಿನ ಬಿಸಿಲು ಬೇಕು, ಸುಮಾರು 10ರಿಂದ 3. ಮಧ್ಯಾಹ್ನ ಊಟ ಮುಗಿಸಿ ತೋಳು ಮಡಚಿ ಆಫೀಸಿನ ಸುತ್ತ ಹದಿನೈದು ಇಪ್ಪತ್ತು ನಿಮಿಷ ನಡೆದರೆ ಬಿಸಿಲೂ ಸಿಕ್ಕಿತು, ಮೇಲೆ ಟೀಚರ್‌ಗೆ ಹೇಳಿದ ನಡಿಗೆಯೂ ಆಯಿತು. ಆದರೆ 14 ಇರೋವಾಗ ಬಿಸಿಲೊಂದನ್ನೇ ನಂಬಬೇಡಿ, ಮಾತ್ರೆ ಬೇಕಾಗಬಹುದು. ವಾರಕ್ಕೊಂದು 60,000 ಯೂನಿಟ್ ಬರೆದುಕೊಟ್ಟರೆ ಬರೆದಷ್ಟು ವಾರ ಮಾತ್ರ. ಚೀಟಿ ಹಿಡಿದು ವರ್ಷಗಟ್ಟಲೆ ತಗೊಂಡು ಕ್ಯಾಲ್ಸಿಯಂ ಏರಿ ವಾಂತಿ ಮಾಡಿಕೊಂಡು ಬಂದವರನ್ನು ನೋಡಿದ್ದೀನಿ.

ಪ್ರಶ್ನೆ (ಗೃಹಿಣಿ, 27, ಚನ್ನರಾಯಪಟ್ಟಣ)

ಅಕ್ಕಾ, ಪಾಪುಗೆ 4 ತಿಂಗಳು. ಶೀತ ಆಗಿದೆ ಅಂತ ನಮ್ಮಜ್ಜಿ ಜೇನು ನೆಕ್ಕಿಸ್ತಾರೆ. ಪರವಾಗಿಲ್ವಾ?

ಉತ್ತರ

ಬೇಡಮ್ಮ, ಒಂದು ಹನಿಯೂ ಬೇಡ. ಒಂದು ವರ್ಷ ತುಂಬುವವರೆಗೆ ಜೇನು ಕೊಡಲೇಬಾರದು. ಅದರಲ್ಲಿರಬಹುದಾದ ಬೊಟುಲಿಸಂ ಬೀಜಾಣು ಎಳೆಗರುಳಿನಲ್ಲಿ ಬೆಳೆದು ವಿಷ ಮಾಡುತ್ತೆ, ಮಗು ಸೋತು ಬಸವಳಿದ ಹಾಗೆ ಆಗುತ್ತೆ. ಎದೆಹಾಲು ಬಿಟ್ಟು ಬೇರೇನೂ ಕೊಡಬೇಡಿ. ಮಗು ಹಾಲು ಕುಡಿಯೋದು ಕಮ್ಮಿ ಮಾಡಿದರೆ, ಅಳು ಕ್ಷೀಣ ಆದರೆ, ಉಸಿರು ಎಳೆದುಕೊಳ್ಳುತ್ತಿದ್ದರೆ ತಡ ಮಾಡದೆ ಮಕ್ಕಳ ವೈದ್ಯರ ಹತ್ತಿರ ಕರೆದುಕೊಂಡು ಹೋಗಿ.

ಪ್ರಶ್ನೆ (ತಿಪಟೂರಿನ ಶಿಕ್ಷಕಿ)

ಮೇಡಂ, ಐದು ದಿನದಿಂದ 8.15ಕ್ಕೆ ಊಟ. ಅತ್ತೆಯೂ ಜೊತೆಗೆ ಉಣ್ತಿದ್ದಾರೆ. ರಕ್ತ ಮತ್ತೆ ಯಾವಾಗ ಪರೀಕ್ಷೆ ಮಾಡಿಸಲಿ? ಮುಂದಿನ ತಿಂಗಳೇ ನೋಡಿಬಿಡೋಣ ಅನ್ನಿಸ್ತಿದೆ.

ಉತ್ತರ

ತುಂಬ ಸಂತೋಷ ಆಯ್ತು ಟೀಚರ್. ಮುಂದಿನ ತಿಂಗಳು ಬೇಡ. ಕೆಂಪು ರಕ್ತಕಣ ಬದುಕೋದು ಸುಮಾರು 120 ದಿನ, ಅದಕ್ಕೆ ಅಂಟಿಕೊಂಡ ಸಕ್ಕರೆಯನ್ನೇ ಈ ಪರೀಕ್ಷೆ ಅಳೆಯೋದು. ಈಗ ಮಾಡಿಸಿದರೆ ಬರೋದು ಬಹುಪಾಲು ನಿಮ್ಮ ಹಳೇ ಲೆಕ್ಕ. ಮೂರು ತಿಂಗಳು ಬಿಟ್ಟು ಮಾಡಿಸಿ, ಇದಕ್ಕೆ ಖಾಲಿ ಹೊಟ್ಟೆ ಬೇಕಿಲ್ಲ, ಒಂದೇ ಲ್ಯಾಬ್‌ನಲ್ಲಿ ಮಾಡಿಸಿದರೆ ಹೋಲಿಸೋಕೆ ಸುಲಭ. ಅಷ್ಟರಲ್ಲಿ 3 ಕಿಲೋ ಇಳಿದಿದ್ದರೂ ಬಹಳ.

ಬಿಪಿಯನ್ನು ಮನೆಯಲ್ಲೇ ಒಂದು ವಾರ ಬೆಳಗ್ಗೆ ಸಂಜೆ ನೋಡಿ ಬರೆದಿಡಿ. ಕಾಫಿ ಕುಡಿದು ಅರ್ಧ ಗಂಟೆ ಆಗಿರಬೇಕು, ಬೆನ್ನು ಒರಗಿಸಿ ಐದು ನಿಮಿಷ ಸುಮ್ಮನೆ ಕೂತಿರಬೇಕು, ತೋಳು ಎದೆಯ ಮಟ್ಟಕ್ಕೆ ಮೇಜಿನ ಮೇಲಿರಬೇಕು.

ಇನ್ನೊಂದನ್ನು ಮೊದಲೇ ಕೇಳಬೇಕಿತ್ತು. ತಿಂಗಳ ಸ್ರಾವ ಜಾಸ್ತಿ ಹೋಗುತ್ತಾ? ಹಿಮೋಗ್ಲೋಬಿನ್ ಎಷ್ಟಿದೆ? ಕಬ್ಬಿಣದ ಅಂಶ ಕಮ್ಮಿ ಇದ್ದರೆ ಎಚ್‌ಬಿಎ1ಸಿ ಇರೋದಕ್ಕಿಂತ ಹೆಚ್ಚು ತೋರಿಸಬಹುದು. ನಿಮ್ಮ ವಯಸ್ಸಿನ ನಮ್ಮ ಹೆಣ್ಣುಮಕ್ಕಳಲ್ಲಿ ಇದು ತುಂಬ ಸಾಮಾನ್ಯ. ಈ ವಾರವೇ ಹಿಮೋಗ್ಲೋಬಿನ್, ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ), ಜೊತೆಗೆ ಖಾಲಿ ಹೊಟ್ಟೆಯ ಸಕ್ಕರೆ ಮತ್ತು ಊಟವಾಗಿ ಎರಡು ಗಂಟೆಯ ಸಕ್ಕರೆ ಮಾಡಿಸಿ ರಿಪೋರ್ಟ್ ನನಗೆ ಬೇರೆಯಾಗಿ ಕಳಿಸಿ, ಎಲ್ಲರೂ ನೋಡುವ ಈ ಪ್ರಶ್ನೋತ್ತರದ ಗುಂಪಿನಲ್ಲಿ ಹಾಕಬೇಡಿ. ಅಲ್ಲಿವರೆಗೆ ಊಟದ ಜೊತೆ ಕಾಫಿ, ಟೀ ಬೇಡ, ಹಿಂದೆ ಮುಂದೆ ಒಂದೊಂದು ಗಂಟೆ ಬಿಡಿ. ಅದು ಸೊಪ್ಪು ಕಾಳಿನ ಕಬ್ಬಿಣ ಮೈಗೆ ಸೇರೋದನ್ನು ತಡೆಯುತ್ತೆ. ಆ ನಿಂಬೆಹಣ್ಣು ಇದೆಯಲ್ಲ, ಅದನ್ನು ಬಿಸಿನೀರಿನ ಬದಲು ಸೊಪ್ಪಿನ ಪಲ್ಯದ ಮೇಲೆ ಹಿಂಡಿಕೊಳ್ಳಿ. ಕಬ್ಬಿಣ ಹೀರಿಕೊಳ್ಳೋಕೆ ಅಲ್ಲಿ ಅದು ನಿಜವಾಗಿ ಕೆಲಸಕ್ಕೆ ಬರುತ್ತೆ.